ತಾರೀಖು ನಿಮ್ಮದು, ದಾರಿ ಅವರದು

ಓದುಗರ ಪತ್ರ:

ನಾನು ನಿವೃತ್ತ ಶಿಕ್ಷಕಿ, ಊರು ಧಾರವಾಡ. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮಗಳು ಲಂಡನ್ನಿನಲ್ಲಿದ್ದಾಳೆ, ಅಕ್ಟೋಬರ್ ಕೊನೆಗೆ ಹೆರಿಗೆ. ಮಗ ಅಮೆರಿಕದ ಡಲ್ಲಾಸಿನಲ್ಲಿ, ನನ್ನ ತಂಗಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ. ಹೇಗೂ ಬಾಣಂತನಕ್ಕೆ ಹೋಗುತ್ತೇವೆ, ಹಾಗೇ ಮುಂದೆ ಮಗನ ಮನೆ, ತಂಗಿಯ ಮನೆ ನೋಡಿಕೊಂಡು, ಜಪಾನಿನಲ್ಲಿ ಒಂದು ವಾರ ಇದ್ದು, ಯುಗಾದಿಯ ಹೊತ್ತಿಗೆ ಮನೆಗೆ ಬರುವ ಆಲೋಚನೆ. "ಭೂಮಿ ಸುತ್ತೋ ಟಿಕೆಟ್ ಅಂತ ಒಂದಿದೆ ಅಮ್ಮಾ, ಒಂದೇ ಟಿಕೆಟ್‌ನಾಗ ಎಲ್ಲಾ ಆಗ್ತದ, ತಾರೀಖು ಪುಕ್ಕಟೆ ಬದಲಾಯಿಸಬಹುದು" ಅನ್ನುತ್ತಾನೆ ಮಗ. ಕೊಲಂಬೊದಿಂದ ಶುರು ಮಾಡಿದರೆ ಇನ್ನೂ ಅಗ್ಗವಂತೆ. ನಮ್ಮ ಏಜೆಂಟರು "ಆ ಉಸಾಬರಿ ಬ್ಯಾಡ್ರಿ, ಒಮ್ಮೆ ಮಾಡಿಸಿದ್ರ ಕೈ ಕಟ್ಟಿಹಾಕಿದಂಗ, ಬದಲಾವಣೆಗೆ ಡಾಲರ್‌ನಾಗ ದಂಡ, ವಾಪಸ್ ಏನೂ ಬರಂಗಿಲ್ಲ" ಅನ್ನುತ್ತಾರೆ. ಮನೆಯವರಿಗೆ ಮಗ ಹೇಳಿದ್ದು ಹಿಡಿಸಿದೆ, ನನಗೆ ಏಜೆಂಟರು ಹೇಳಿದ್ದು ತಲೆಯಲ್ಲಿ ಕೂತಿದೆ.

ನನ್ನ ನಿಜವಾದ ಚಿಂತೆ ಬೇರೆ. ಅತ್ತೆಯವರಿಗೆ ಎಂಬತ್ತಾರು ವರ್ಷ. ನವಲಗುಂದದಲ್ಲಿ ಮೈದುನನ ಮನೆಯಲ್ಲಿದ್ದಾರೆ, ಸದ್ಯ ಆರೋಗ್ಯವಾಗಿದ್ದಾರೆ. ನಾವು ಎಲ್ಲೋ ನಡುದಾರಿಯಲ್ಲಿದ್ದಾಗ ಅವರಿಗೆ ಹೆಚ್ಚುಕಡಿಮೆಯಾದರೆ ಈ ಟಿಕೆಟಿನ ಗತಿ ಏನು? ಇಷ್ಟು ದುಡ್ಡು ಕೊಟ್ಟಿದ್ದೇವೆಂದು ಮನಸ್ಸು ಹಿಂದೆಮುಂದೆ ನೋಡಬಾರದಲ್ಲ. ಇವರ ಮುಂದೆ ಈ ಮಾತು ತೆಗೆಯಲು ನನಗೆ ಬಾಯಿಲ್ಲ. ಇನ್ನೊಂದು ಸಣ್ಣ ಪ್ರಶ್ನೆ: ಮಗಳಿಗೆ ಅಂಟಿನುಂಡಿ, ತುಪ್ಪ ಒಯ್ಯಬಹುದೆ?

ಉತ್ತರ:

ಅಕ್ಕಾವ್ರೇ, ಜಪಾನು ಆಮೇಲೆ ನೋಡೋಣ. ಮೊದಲು ಅತ್ತೆಯವರ ವಿಷಯ.

ನೀವು ಡಲ್ಲಾಸಿನಲ್ಲಿದ್ದೀರಿ, ಜನವರಿಯ ಒಂದು ರಾತ್ರಿ ಮೈದುನರಿಂದ ಫೋನ್ ಬಂತು ಅಂದುಕೊಳ್ಳಿ. ಕೈಯಲ್ಲಿರುವ ಟಿಕೆಟ್ ಸಿಡ್ನಿಗೆ. ಅದನ್ನು ಬೆಂಗಳೂರಿಗೆ ತಿರುಗಿಸಿ ಎಂದು ಯಾರನ್ನೂ ಕೇಳಲು ಹೋಗಬೇಡಿ. ಕೇಳಿದರೆ ಆ ಟಿಕೆಟ್ಟು ಅಲ್ಲಿಗೇ ಮುರಿದುಬೀಳುತ್ತದೆ. ಭೂಮಿ ಸುತ್ತುವ ಟಿಕೆಟು ಹೊರಟ ದೇಶಕ್ಕೆ ಮರಳಿದ ಕೂಡಲೇ ಮುಗಿದ ಲೆಕ್ಕ. ಅದರ ಬದಲು ಎರಡು ಕೆಲಸ ಮಾಡಿ. ಸಿಡ್ನಿಯ ವಿಮಾನದ ತಾರೀಖನ್ನು ಎರಡು ತಿಂಗಳು ಮುಂದೆ ಹಾಕಿಸಿ. ಡಲ್ಲಾಸಿನಿಂದ ಬೆಂಗಳೂರಿಗೆ ಹೋಗಿಬರುವ ಬೇರೆಯದೇ ಟಿಕೆಟ್ ಕೊಂಡು ಅದೇ ರಾತ್ರಿ ಹೊರಡಿ. ಊರಿನ ಕೆಲಸ ಮುಗಿದ ಮೇಲೆ ಡಲ್ಲಾಸಿಗೆ ವಾಪಸ್ ಬಂದು, ಬಿಟ್ಟ ಕಡೆಯಿಂದ ಸಿಡ್ನಿ ವಿಮಾನ ಹತ್ತಬಹುದು. ನಡುವೆ ನೀವು ಬೇರೆ ಟಿಕೆಟಿನಲ್ಲಿ ಎಲ್ಲಿಗೆ ಹೋಗಿಬಂದಿರಿ ಎಂಬುದು ಮೊದಲಿನ ಟಿಕೆಟಿಗೆ ಸಂಬಂಧವಿಲ್ಲ. ಮುಂದಿನ ವಿಮಾನ ಹತ್ತಬೇಕಾದ ಊರಿನಲ್ಲಿ, ಹತ್ತಬೇಕಾದ ದಿನ ನೀವು ಇದ್ದರೆ ಸಾಕು. ನಿಮ್ಮ ಅಮೆರಿಕದ ವೀಸಾ ಹಲವು ಬಾರಿ ಪ್ರವೇಶ ಕೊಡುವಂಥದ್ದೇ ಎಂದು ಮಾತ್ರ ನೋಡಿಟ್ಟುಕೊಳ್ಳಿ. ಟಿಕೆಟಿನ ಆಯಸ್ಸು ಮೊದಲ ವಿಮಾನ ಹತ್ತಿದ ದಿನದಿಂದ ಒಂದು ವರ್ಷ. ಅಕ್ಟೋಬರ್ ಮೊದಲ ವಾರ ಹೊರಟರೆ ಮುಂದಿನ ಅಕ್ಟೋಬರ್‌ವರೆಗೆ ಅವಕಾಶವಿದೆ, ನೀವು ಲೆಕ್ಕ ಹಾಕಿರುವುದು ಯುಗಾದಿಯವರೆಗೆ ಮಾತ್ರ.

ಫೋನು ಸಿಡ್ನಿಯಲ್ಲಿದ್ದಾಗ ಬಂದರೆ ಇನ್ನೂ ಸುಲಭ. ಅಲ್ಲಿಂದ ಉಳಿದಿರುವುದು ಮನೆಯ ದಾರಿಯೇ, ತಾರೀಖು ಹಿಂದಕ್ಕೆ ತಂದರಾಯಿತು. ಲಂಡನ್ನಿನಲ್ಲಿದ್ದಾಗ ಬಂದರೆ ಡಲ್ಲಾಸಿನ ಉಪಾಯವೇ: ಬೇರೆ ಟಿಕೆಟಿನಲ್ಲಿ ಹೋಗಿ ಬನ್ನಿ. ಒಟ್ಟಿನಲ್ಲಿ ಆ ಹೊತ್ತಿಗೆ ನಿಮಗೆ ತಗಲುವುದು ಒಂದು ಹೋಗಿಬರುವ ಟಿಕೆಟಿನ ಖರ್ಚು. ಅಷ್ಟು ದುಡ್ಡನ್ನು ಈಗಲೇ ಬೇರೆ ಎತ್ತಿಟ್ಟುಬಿಡಿ, ಅದನ್ನು ಪ್ರವಾಸದ ಖರ್ಚಿನಲ್ಲಿ ಸೇರಿಸಬೇಡಿ. ವಿಮೆಯ ಏಜೆಂಟರು "ಅದಕ್ಕೆಲ್ಲ ಪಾಲಿಸಿ ಇದೆ" ಎಂದರೆ, ಊರಿನಲ್ಲಿರುವ ತಾಯಿ ಅಥವಾ ಅತ್ತೆ ಅದರಲ್ಲಿ ಬರುತ್ತಾರೆಯೆ, ಎಷ್ಟು ವಯಸ್ಸಿನವರೆಗೆ, ಹಳೆಯ ಕಾಯಿಲೆ ಮರುಕಳಿಸಿದರೂ ಕೊಡುತ್ತಾರೆಯೆ, ಈ ಮೂರನ್ನೂ ಪಾಲಿಸಿ ಪತ್ರದಲ್ಲೇ ತೋರಿಸಲು ಹೇಳಿ. ಎಂಬತ್ತಾರರ ಜೀವದ ಬಗ್ಗೆ ವಿಮೆಯವರ ಬಾಯಿಮಾತನ್ನು ನಾನು ನಂಬುವುದಿಲ್ಲ.

ಇದನ್ನು ಮನೆಯವರ ಮುಂದೆ ಹೇಗೆ ತೆಗೆಯುವುದು ಎಂದಿರಿ. ನೇರವಾಗಿ ಅಂಥ ಮಾತು ಆಡುವುದೇ ಬೇಡ. "ನಡುವೆ ಊರಿಗೆ ಬರೋದಾದ್ರ ಏನ್ ಮಾಡೋದು ಅಂತ ಕೇಳೀನ್ರಿ, ಹಿಂಗ ಮಾಡ್ರಿ ಅಂದಾರ" ಎಂದು ಈ ಪುಟವನ್ನು ಕೈಗಿಡಿ. ನನ್ನ ಅನುಭವದಲ್ಲಿ ಈ ಪ್ರಶ್ನೆ ಗಂಡಸರ ತಲೆಯಲ್ಲೂ ಇರುತ್ತದೆ, ಅವರಿಗೂ ಬಾಯಿ ಬಂದಿರುವುದಿಲ್ಲ.

ಈ ಉಪಾಯದಲ್ಲಿ ಒಂದು ಕಡೆ ಮಾತ್ರ ಕಾಲು ಜಾರುತ್ತದೆ. ತಾರೀಖು ಬದಲಾವಣೆ ಆ ವಿಮಾನ ಹೊರಡುವ ಮೊದಲೇ ಆಗಿರಬೇಕು. ಗಾಬರಿಯಲ್ಲಿ ಊರಿಗೆ ಬಂದುಬಿಟ್ಟು, ಸಿಡ್ನಿಯ ವಿಮಾನ ನಿಮ್ಮನ್ನು ಬಿಟ್ಟು ಹೋಯಿತೆಂದರೆ ಅದಕ್ಕೆ ನೋ-ಶೋ ಅನ್ನುತ್ತಾರೆ. ಹೇಳದೆ ತಪ್ಪಿಸಿಕೊಂಡವರ ಮುಂದಿನ ಎಲ್ಲ ಕಾದಿರಿಸುವಿಕೆಯನ್ನೂ ಗಣಕವೇ ಅಳಿಸಿಹಾಕುತ್ತದೆ. ಟಿಕೆಟಿನ ತುಂಡುಗಳನ್ನು ಬರೆದ ಕ್ರಮದಲ್ಲೇ ಬಳಸಬೇಕು, ಒಂದನ್ನು ಹಾರಿಸಿ ಮುಂದಿನದನ್ನು ಹತ್ತುವಂತಿಲ್ಲ. ಆದ್ದರಿಂದ ಆ ಫೋನು ಬಂದ ರಾತ್ರಿ ಮೊದಲ ಕರೆ ವಿಮಾನ ಕಂಪನಿಗೆ, ಆಮೇಲೆ ಬಟ್ಟೆ ಕಟ್ಟುವುದು. ಮಗನಿಗೆ ಇದೊಂದು ಜವಾಬ್ದಾರಿ ವಹಿಸಿ.

ಇನ್ನು ಮಗ ಮತ್ತು ಏಜೆಂಟರ ಜಗಳ. ಇಬ್ಬರೂ ನಿಜವನ್ನೇ ಹೇಳಿದ್ದಾರೆ, ಒಬ್ಬರು ತಾರೀಖಿನ ಬಗ್ಗೆ, ಇನ್ನೊಬ್ಬರು ದಾರಿಯ ಬಗ್ಗೆ. ನಿಮ್ಮ ಮೂರು ಊರಿಗೆ ಹೊಂದುವುದು ವಿಮಾನ ಕಂಪನಿಗಳ ಒನ್‌ವರ್ಲ್ಡ್ ಕೂಟದ ಎಕ್ಸ್‌ಪ್ಲೋರರ್ ಎಂಬ ಟಿಕೆಟು. ಬೆಂಗಳೂರಿನಿಂದ ಲಂಡನ್ನಿಗೆ ಬ್ರಿಟಿಷ್ ಏರ್‌ವೇಸ್, ಅಲ್ಲಿಂದ ಡಲ್ಲಾಸಿಗೆ ಅಮೆರಿಕನ್, ಡಲ್ಲಾಸಿನಿಂದ ನೇರ ಸಿಡ್ನಿಗೆ ಕ್ವಾಂಟಾಸ್, ಸಿಡ್ನಿಯಿಂದ ಕ್ವಾಲಾಲಂಪುರದ ಮೇಲೆ ಬೆಂಗಳೂರಿಗೆ ಮಲೇಷ್ಯಾ ಏರ್‌ಲೈನ್ಸ್. ಎಲ್ಲವೂ ಒಂದೇ ಕೂಟದವು. ಈ ಟಿಕೆಟಿನಲ್ಲಿ ದರ ನಿಗದಿಯಾಗುವುದು ಎಷ್ಟು ಖಂಡಗಳನ್ನು ಮುಟ್ಟುತ್ತೀರಿ ಎಂಬುದರ ಮೇಲೆ. ನಿಮ್ಮದು ನಾಲ್ಕು: ಏಷ್ಯಾ, ಯುರೋಪು, ಉತ್ತರ ಅಮೆರಿಕ, ಆಸ್ಟ್ರೇಲಿಯ. ಏಜೆಂಟರ ಪರದೆಯ ಮೇಲೆ ಅದು ಎಲ್‌ಒಎನ್‌ಇ4 ಎಂದು ಕಾಣುತ್ತದೆ. ಮೊದಲಿನ ಎಲ್ ಎಂದರೆ ಎಕಾನಮಿ, ಕೊನೆಯ ಅಂಕಿ ಖಂಡಗಳ ಲೆಕ್ಕ. ಬಿಸಿನೆಸ್ ಕ್ಲಾಸಿನದು ಡಿ ಅಕ್ಷರದಿಂದ ಶುರುವಾಗುತ್ತದೆ. ಹೆಸರು ಹೇಳಿ ಕೇಳಿದರೆ ಏಜೆಂಟರು "ಅಂಥಾದ್ದು ಇಲ್ರಿ" ಎಂದು ಸುಲಭಕ್ಕೆ ತಳ್ಳಿಹಾಕಲಾರರು.

ನಿಯಮಗಳು ಬಹಳವಿವೆ. ನಿಮಗೆ ತಾಕುವಷ್ಟನ್ನೇ ಹೇಳುತ್ತೇನೆ. ಅಟ್ಲಾಂಟಿಕ್, ಪೆಸಿಫಿಕ್ ಎರಡನ್ನೂ ಒಂದೊಂದೇ ಸಲ ದಾಟಬೇಕು. ಪಡುವಣಕ್ಕೆ ಹೊರಟರೆ ಪಡುವಣಕ್ಕೇ ಸಾಗಬೇಕು. ಖಂಡದೊಳಗೆ ಹಿಂದೆಮುಂದೆ ಓಡಾಡಬಹುದು, ಖಂಡದಿಂದ ಖಂಡಕ್ಕೆ ಹಿಂದಿರುಗುವಂತಿಲ್ಲ. ಕನಿಷ್ಠ ಹತ್ತು ದಿನದ ಪ್ರವಾಸವಾಗಬೇಕು. ಒಟ್ಟು ಹದಿನಾರು ಹಾರಾಟ ಮೀರಬಾರದು, ಒಂದೊಂದು ಖಂಡದಲ್ಲಿ ನಾಲ್ಕು, ಉತ್ತರ ಅಮೆರಿಕದಲ್ಲಿ ಮಾತ್ರ ಆರು. ನಿಮ್ಮದು ಐದೇ ಹಾರಾಟ. ಮಗ ನಯಾಗರ ತೋರಿಸುತ್ತೇನೆ ಎಂದು ಖಂಡಿತ ಹೇಳಿರುತ್ತಾನೆ. ಅದನ್ನು ಈಗಲೇ ಇದೇ ಟಿಕೆಟಿನಲ್ಲಿ ಬರೆಸಿಬಿಡಿ, ಮೂಲ ದರ ಏರುವುದಿಲ್ಲ. ಆಮೇಲೆ ಸೇರಿಸಲು ಹೋದರೆ ಅದು ದಾರಿಯ ಬದಲಾವಣೆ, ಅದಕ್ಕೆ ದಂಡವಿದೆ.

ಮೈಲಿ ಲೆಕ್ಕದ ಟಿಕೆಟೂ ಇದೆ, ಅದೇ ಕೂಟದ ಗ್ಲೋಬಲ್ ಎಕ್ಸ್‌ಪ್ಲೋರರ್. ಅದರಲ್ಲಿ 26,000, 29,000, 34,000, 39,000 ಮೈಲಿ ಎಂದು ಮೆಟ್ಟಿಲುಗಳು. ನಿಮ್ಮ ಸುತ್ತು ಸುಮಾರು 24,000 ಮೈಲಿ, ಕೆಳಗಿನ ಮೆಟ್ಟಿಲಲ್ಲೇ ಕೂರುತ್ತದೆ, ಕಾಗದದ ಮೇಲೆ ಚೆಂದ ಕಾಣುತ್ತದೆ. ಆದರೆ ಡಲ್ಲಾಸಿನಿಂದ ನಯಾಗರಕ್ಕೆ ಹೋಗಿಬಂದರೆ 26,000ದ ಗೆರೆ ದಾಟಿದಿರಿ, ಇಡೀ ಟಿಕೆಟೇ ಮುಂದಿನ ಮೆಟ್ಟಿಲ ದರಕ್ಕೆ ಏರುತ್ತದೆ. ಮಕ್ಕಳ ಮನೆಗೆ ಹೋದವರು ಒಂದೇ ಊರಲ್ಲಿ ಕೂತು ಬರುವುದಿಲ್ಲ. ನಿಮಗೆ ಖಂಡದ ಲೆಕ್ಕವೇ ಸರಿ.

"ತಾರೀಖು ಪುಕ್ಕಟೆ" ಎಂಬ ಮಾತಿಗೆ ಬರೋಣ. ಊರುಗಳು ಅವೇ ಇದ್ದು ದಿನ ಮಾತ್ರ ಬದಲಾದರೆ ಕಂಪನಿ ಶುಲ್ಕ ಕೇಳುವುದಿಲ್ಲ, ಇದು ಈ ಟಿಕೆಟಿನ ದೊಡ್ಡ ಗುಣ. ಆದರೆ ವಿಮಾನದಲ್ಲಿ ಸೀಟು ಖಾಲಿ ಇದ್ದರೆ ಸಾಲದು, ನಿಮ್ಮ ಟಿಕೆಟಿನ ದರ್ಜೆಯಾದ ಎಲ್‌ನಲ್ಲಿ ಖಾಲಿ ಇರಬೇಕು. ಒಂದೇ ಎಕಾನಮಿಯೊಳಗೆ ಹತ್ತಾರು ಅಕ್ಷರಗಳ ದರ್ಜೆಗಳಿರುತ್ತವೆ. ಪಕ್ಕದ ಸೀಟಿನವರದೂ ನಿಮ್ಮದೂ ಬೇರೆ ಅಕ್ಷರ, ಊಟ ಮಾತ್ರ ಒಂದೇ. ಕ್ರಿಸ್‌ಮಸ್ ಎಡಬಲದ ಹತ್ತು ಹದಿನೈದು ದಿನ ಲಂಡನ್‌–ಡಲ್ಲಾಸ್ ನಡುವೆ ಎಲ್ ಸಿಗುವುದು ಕಷ್ಟ. ಡಿಸೆಂಬರ್ 20ಕ್ಕೆ ಲಂಡನ್ ಬಿಡುವ ಯೋಚನೆ ಇದ್ದರೆ ಕೈಬಿಡಿ. ಮೊದಲೇ ಜನವರಿ ಎರಡನೇ ವಾರಕ್ಕೆ ಬರೆಸಿ. ಕೂಸಿಗೂ ಎರಡು ತಿಂಗಳು ತುಂಬಿರುತ್ತದೆ, ಮಗಳಿಗೂ ನಿಮ್ಮನ್ನು ಕಳಿಸಲು ಮನಸ್ಸು ಬಂದಿರುತ್ತದೆ. ಬ್ರಿಟನ್ನಿನ ಸಂದರ್ಶಕ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಬಹುದು, ಅದಕ್ಕೇನೂ ಅಡ್ಡಿಯಿಲ್ಲ.

ದಾರಿ ಬದಲಾದರೆ ದಂಡ. ಬಹುಕಾಲದಿಂದ ನಡೆದುಬಂದಿರುವ ದರ ಒಬ್ಬರಿಗೆ ಒಂದು ಸಲಕ್ಕೆ 125 ಡಾಲರ್. ತಂಗಿ ಮೆಲ್ಬರ್ನ್‌ಗೆ ಮನೆ ಬದಲಾಯಿಸಿದರು, ನೀವು ಸಿಡ್ನಿ ಬಿಟ್ಟು ಅಲ್ಲಿಗೆ ಬರೆಸಿಕೊಂಡಿರಿ: ಇಬ್ಬರಿಗೆ 250 ಡಾಲರ್, ಜೊತೆಗೆ ವಿಮಾನ ನಿಲ್ದಾಣದ ತೆರಿಗೆಯ ವ್ಯತ್ಯಾಸ, ಅದರ ಮೇಲೆ ಏಜೆಂಟರ ಸೇವಾ ಶುಲ್ಕ. ಈ ಕೊನೆಯದು ಎಲ್ಲೂ ಅಚ್ಚಾಗಿರುವುದಿಲ್ಲ. ಒಂದು ಬದಲಾವಣೆಗೆ ನಿಮ್ಮದು ಎಷ್ಟು ಎಂದು ದುಡ್ಡು ಕಟ್ಟುವ ಮೊದಲೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಆರು ತಿಂಗಳಾದ ಮೇಲೆ ಇಬ್ಬರಿಗೂ ಬೇರೆ ಬೇರೆ ನೆನಪಿರುತ್ತದೆ. ಬದಲಾವಣೆಗಳು ಎರಡು ಮೂರಿದ್ದರೆ ಕೂಡಿಸಿಟ್ಟುಕೊಂಡು ಒಂದೇ ಸಲ ಮಾಡಿಸಿ, ದಂಡ ಒಂದೇ ಸಲದ್ದಾಗುತ್ತದೆ. ಹೊಸ ಖಂಡ ಸೇರಿದರೆ ಮಾತ್ರ ಈ 125ರಲ್ಲಿ ಮುಗಿಯುವುದಿಲ್ಲ, ದರವೇ ಐದು ಖಂಡದ್ದಕ್ಕೆ ಏರುತ್ತದೆ.

ಏಜೆಂಟರು "ವಾಪಸ್ ಏನೂ ಬರಂಗಿಲ್ಲ" ಅಂದದ್ದು ಹೊರಟ ಮೇಲಿನ ಮಾತಾದರೆ ಹೆಚ್ಚುಕಡಿಮೆ ಸರಿ. ನಡುವೆ ಪ್ರವಾಸ ಕೈಬಿಟ್ಟರೆ ಕಂಪನಿಯವರು ನೀವು ಹಾರಿದಷ್ಟು ದೂರಕ್ಕೆ ಬಿಡಿ ಟಿಕೆಟಿನ ದರ ಹಾಕಿ, ಅದನ್ನು ಕೊಟ್ಟ ದುಡ್ಡಿನಲ್ಲಿ ಕಳೆಯುತ್ತಾರೆ. ಬಿಡಿ ದರ ಎಂದರೆ ಅವರ ಪಟ್ಟಿಯ ದುಬಾರಿ ದರ, ಹಾಗಾಗಿ ಎರಡು ಖಂಡ ದಾಟುವಷ್ಟರಲ್ಲಿ ಉಳಿಯುವುದು ಅಲ್ಪಸ್ವಲ್ಪ, ಇಲ್ಲವೇ ಸೊನ್ನೆ. ಬಳಸದ ವಿಮಾನ ನಿಲ್ದಾಣ ತೆರಿಗೆಗಳನ್ನು ಬೇರೆಯಾಗಿ ಕೇಳಿ ನೋಡಿ, ಕೇಳದೆ ಯಾರೂ ಕೊಡುವುದಿಲ್ಲ. ಹೊರಡುವ ಮೊದಲೇ ರದ್ದು ಮಾಡಿದರೆ ಒಂದು ಪಾಲು ಕಡಿದುಕೊಂಡು ಉಳಿದದ್ದು ಕೊಡುತ್ತಾರೆ. ಆ ಪಾಲು ಎಷ್ಟೆಂಬ ಸಾಲನ್ನು ದರ ನಿಯಮದ ಹಾಳೆಯಲ್ಲಿ ಬೆರಳಿಟ್ಟು ತೋರಿಸಲು ಏಜೆಂಟರಿಗೆ ಹೇಳಿ.

ಟಿಕೆಟ್ ಕೈಗೆ ಬಂದ ದಿನ ಮಾಡಬೇಕಾದ ಒಂದು ಕೆಲಸವಿದೆ. ವಿಮಾನಗಳ ಪಟ್ಟಿಯ ಕೆಳಗೆ, ಸಣ್ಣ ಅಕ್ಷರದಲ್ಲಿ, ಯಾರೂ ಓದದ ಒಂದು ಉದ್ದ ಸಾಲು ಇರುತ್ತದೆ. ನಿಮ್ಮದರಲ್ಲಿ ಅದು ಹೀಗೆ ಶುರುವಾಗಬೇಕು: ಬಿಎಲ್‌ಆರ್, ಬಿಎ, ಎಲ್‌ಒಎನ್, ಎಎ, ಡಿಎಫ್‌ಡಬ್ಲ್ಯು, ಕ್ಯೂಎಫ್, ಎಸ್‌ವೈಡಿ, ಎಂಎಚ್, ಎಕ್ಸ್/ಕೆಯುಎಲ್, ಎಂಎಚ್, ಬಿಎಲ್‌ಆರ್. ಊರು, ಕಂಪನಿ, ಊರು, ಕಂಪನಿ, ಹೀಗೆ. ಊರಿನ ಮುಂದೆ ಎಕ್ಸ್ ಇದ್ದರೆ ಅಲ್ಲಿ ನೀವು ವಿಮಾನ ಬದಲಿಸುತ್ತೀರಿ ಅಷ್ಟೆ, ಇಳಿದು ಇರುವುದಿಲ್ಲ ಎಂದರ್ಥ. ಇಪ್ಪತ್ತನಾಲ್ಕು ಗಂಟೆ ಮೀರಿದರೆ ಅದು ತಂಗುವಿಕೆ, ಒಳಗಿದ್ದರೆ ಬದಲಾವಣೆ. ನಿಮ್ಮ ಸಾಲಿನಲ್ಲಿ ಕ್ವಾಲಾಲಂಪುರದ ಮುಂದೆ ಮಾತ್ರ ಎಕ್ಸ್ ಇರಬೇಕು. ಲಂಡನ್ ಮುಂದೆ ಬಂದಿದ್ದರೆ ಅದೇ ದಿನ ತಿದ್ದಿಸಿ. ಹಾಗೆಯೇ ಹದಿಮೂರು ಅಂಕಿಯ ಟಿಕೆಟ್ ಸಂಖ್ಯೆ ನೋಡಿ. ಮೊದಲ ಮೂರು ಅಂಕಿ ಯಾರು ಕೊಟ್ಟ ಟಿಕೆಟ್ ಎಂದು ಹೇಳುತ್ತವೆ: 125 ಬ್ರಿಟಿಷ್ ಏರ್‌ವೇಸ್, 001 ಅಮೆರಿಕನ್, 081 ಕ್ವಾಂಟಾಸ್. ಮುಂದೆ ಯಾವ ತೊಂದರೆ ಬಂದರೂ, ನೀವು ಹತ್ತಬೇಕಾದ ವಿಮಾನ ಬೇರೆ ಕಂಪನಿಯದ್ದಾಗಿದ್ದರೂ, ಫೋನು ಮಾಡಬೇಕಾದದ್ದು ಟಿಕೆಟ್ ಕೊಟ್ಟವರಿಗೆ ಅಥವಾ ಅದನ್ನು ಮಾಡಿಸಿದ ಏಜೆಂಟರಿಗೆ. ಮಿಕ್ಕವರು ನಯವಾಗಿ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ತಾರೀಖು ಬದಲಾದಾಗಲೆಲ್ಲ ಇನ್ನೊಂದು ಮಾತು ಕೇಳಿ: "ಸೀಟು ಬದಲಾಯಿತು ಸರಿ, ಟಿಕೆಟ್ಟೂ ಹೊಸದಾಗಿ ಬಂತೆ?" ಸೀಟು ಕಾದಿರಿಸುವುದು ಒಂದು ಕೆಲಸ, ಅದಕ್ಕೆ ಟಿಕೆಟನ್ನು ಜೋಡಿಸುವುದು ಇನ್ನೊಂದು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುವುದು ಈ ಉದ್ಯೋಗದ ಹಳೇ ರೋಗ. ವಿಮಾನ ನಿಲ್ದಾಣದ ಕೌಂಟರಿನಲ್ಲಿ "ಹೆಸರಿದೆ, ಟಿಕೆಟ್ ಇಲ್ಲ" ಎಂದಾಗಲೇ ಅದು ಗೊತ್ತಾಗುವುದು.

ಹಾಗಾದರೆ ತೆಗೆದುಕೊಳ್ಳಬೇಕೆ? ಏಜೆಂಟರು ಅಗ್ಗದ ನಾಲ್ಕು ಬಿಡಿ ಟಿಕೆಟುಗಳ ಮೊತ್ತ ತೋರಿಸಿ, "ನೋಡ್ರಿ, ಎಷ್ಟು ಕಡಿಮಿ" ಅನ್ನುತ್ತಾರೆ. ಎಕಾನಮಿಯಲ್ಲಿ, ನಾಲ್ಕೇ ಊರಿಗೆ, ಬಿಡಿ ಟಿಕೆಟು ಕಡಿಮೆ ಬೀಳುವುದು ಸಾಮಾನ್ಯ. ಆದರೆ ಆ ಬಿಡಿ ಟಿಕೆಟುಗಳ ತಾರೀಖು ಬದಲಿಸಲು ಪ್ರತಿಯೊಂದಕ್ಕೂ ಶುಲ್ಕ, ಮೇಲೆ ಆ ದಿನದ ದರದ ವ್ಯತ್ಯಾಸ. ಹಾಗಾಗಿ ಹೋಲಿಸಬೇಕಾದದ್ದು ತಾರೀಖು ಬದಲಿಸಲು ಅವಕಾಶವಿರುವ ಬಿಡಿ ಟಿಕೆಟುಗಳ ಮೊತ್ತದ ಜೊತೆಗೆ. ಆ ಲೆಕ್ಕವನ್ನು ಬರೆದುಕೊಡಲು ಹೇಳಿ, ಸುತ್ತು ಟಿಕೆಟಿನದನ್ನೂ ಪಕ್ಕದಲ್ಲಿ ಬರೆಸಿ. ನಿಮ್ಮ ಪ್ರವಾಸದಲ್ಲಿ ಊರುಗಳು ಖಚಿತ, ಮಗಳು, ಮಗ, ತಂಗಿ ಎಲ್ಲಿದ್ದಾರೆಂಬುದು ಗೊತ್ತಿದೆ. ದಿನಗಳು ಮಾತ್ರ ನಿಮ್ಮ ಕೈಯಲ್ಲಿಲ್ಲ: ಹೆರಿಗೆ ಹದಿನೈದು ದಿನ ಆಚೀಚೆ ಆಗಬಹುದು, ಅತ್ತೆಯವರ ಮಾತು ಮೇಲೆ ಆಡಿಯಾಯಿತು. ಊರು ಗಟ್ಟಿ, ದಿನ ಸಡಿಲ ಇರುವವರಿಗಾಗಿಯೇ ಮಾಡಿದಂತಿದೆ ಈ ಟಿಕೆಟು. ಎರಡು ಮೊತ್ತಗಳ ನಡುವೆ ತೀರಾ ದೊಡ್ಡ ಅಂತರವಿಲ್ಲದಿದ್ದರೆ ನನ್ನ ಮತ ಮಗನ ಕಡೆ. ಎಲ್ಲಿಗೆ ಹೋಗಬೇಕೆಂದೇ ತೀರ್ಮಾನವಾಗದೆ ನಕಾಶೆ ಹಿಡಿದು ಕೂತ ಹುಡುಗರು ಕೇಳಿದ್ದರೆ ಏಜೆಂಟರ ಕಡೆ ವಾಲುತ್ತಿದ್ದೆ.

ಕೊಲಂಬೊ ವಿಷಯದಲ್ಲಿ ಮಗನ ಕಡೆ ಇಲ್ಲ. ಈ ಟಿಕೆಟಿನ ದರ ಯಾವ ದೇಶದಿಂದ ಹೊರಡುತ್ತೀರಿ ಎಂಬುದರ ಮೇಲೆ ಬದಲಾಗುವುದು ನಿಜ. ಆದರೆ ಹೊರಟ ದೇಶಕ್ಕೇ ಬಂದು ಮುಗಿಸಬೇಕು. ಐದಾರು ತಿಂಗಳ ತಿರುಗಾಟ ಮುಗಿಸಿ, ಸಿಡ್ನಿಯಿಂದ ಕೊಲಂಬೊಗೆ ಬಂದು, ಅಲ್ಲಿಂದ ಇನ್ನೊಂದು ಬಿಡಿ ಟಿಕೆಟಿನಲ್ಲಿ ಬೆಂಗಳೂರಿಗೆ ಬರಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಕೇಳುವವರಿಲ್ಲ. ಇಪ್ಪತ್ತೈದರ ವಯಸ್ಸಿಗೆ ಹೇಳಿದ ಉಪಾಯ ಅದು.

ತೆರಿಗೆಗಳನ್ನು ಬೇಗ ಮುಗಿಸುತ್ತೇನೆ. ಲಂಡನ್ನಿನಲ್ಲಿ ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ಇದ್ದು ಅಮೆರಿಕಕ್ಕೆ ಹೊರಟರೆ ಬ್ರಿಟನ್ ಸರ್ಕಾರ ಪ್ರಯಾಣ ಸುಂಕ ಹಾಕುತ್ತದೆ, ಏಪ್ರಿಲ್ 2026ರಿಂದ ಎಕಾನಮಿಯಲ್ಲಿ ಒಬ್ಬರಿಗೆ 102 ಪೌಂಡ್. ಪ್ರೀಮಿಯಂ ಎಕಾನಮಿ ಅಥವಾ ಬಿಸಿನೆಸ್ ಆದರೆ 244. ಮಗಳ ಮನೆಗೇ ಹೋಗುತ್ತಿರುವಾಗ ಅದರಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುವುದು ವ್ಯರ್ಥ. ವೈಕ್ಯೂ, ವೈಆರ್ ಎಂದು ಟಿಕೆಟಿನಲ್ಲಿ ಬರುವುದು ಸರ್ಕಾರದ ತೆರಿಗೆಯಲ್ಲ, ಕಂಪನಿಯವರೇ ಇಂಧನದ ಹೆಸರಿನಲ್ಲಿ ಹಾಕುವ ಹೆಚ್ಚುವರಿ. ಅದು ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಲಂಡನ್‌–ಡಲ್ಲಾಸಿಗೆ ಅಮೆರಿಕನ್ನೂ ಬ್ರಿಟಿಷ್ ಏರ್‌ವೇಸೂ ಎರಡನ್ನೂ ಹಾಕಿ ನೋಡಲು ಹೇಳಿ. ನಮ್ಮ ಜಿಎಸ್‌ಟಿ ಎಕಾನಮಿಗೆ ಶೇ 5, ಅದರ ಮೇಲಿನ ದರ್ಜೆಗಳಿಗೆ ಸೆಪ್ಟೆಂಬರ್ 2025ರಿಂದ ಶೇ 18. ವಿದೇಶ ಪ್ರವಾಸಕ್ಕೆ ಶೇ 20 ಟಿಸಿಎಸ್ ಕಟ್ಟಬೇಕೆಂದು ಯಾರಾದರೂ ಹೆದರಿಸಿದರೆ ಅದು ಪ್ಯಾಕೇಜ್ ಪ್ರವಾಸದ ಹಳೇ ಮಾತು. ಬರೀ ವಿಮಾನದ ಟಿಕೆಟು ಪ್ಯಾಕೇಜ್ ಆಗುವುದಿಲ್ಲ. ಹೋಟೆಲನ್ನೂ ಒಟ್ಟಿಗೆ ಒಂದೇ ಬಿಲ್ಲಿನಲ್ಲಿ ಸೇರಿಸಿದರೆ ಆಗುತ್ತದೆ. ಪ್ಯಾಕೇಜಿಗೂ 2026ರ ಬಜೆಟ್‌ನಲ್ಲಿ ಅದನ್ನು ಶೇ 2ಕ್ಕೆ ಇಳಿಸಿದ್ದಾರೆ. ನೀವಂತೂ ಎಲ್ಲ ಕಡೆ ಮನೆಯವರಲ್ಲೇ ಇಳಿಯುವವರು.

ಈಗ ಜಪಾನು. ಮನೆಯವರಿಗೆ ಬೇಸರವಾಗಬಹುದು, ಆದರೆ ಈ ಸುತ್ತಿನಲ್ಲಿ ಅದನ್ನು ಬಿಡಿ. ಟಿಕೆಟಿನ ನಿಯಮಕ್ಕೆ ಅದರಿಂದ ತೊಂದರೆಯಿಲ್ಲ, ಹೊರಟ ಖಂಡದಲ್ಲಿ ಎರಡು ಕಡೆ ತಂಗಲು ಅವಕಾಶವಿದೆ. ತೊಂದರೆ ವೀಸಾದ್ದು. ಜಪಾನಿನ ಒಂದು ಬಾರಿ ಪ್ರವೇಶದ ವೀಸಾ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಬಳಸಬೇಕು. ನೀವು ಸೆಪ್ಟೆಂಬರಿನಲ್ಲಿ ಪಡೆದು ಮಾರ್ಚಿನಲ್ಲಿ ಟೋಕಿಯೊ ಮುಟ್ಟುವ ಹೊತ್ತಿಗೆ ಅದು ಸತ್ತಿರುತ್ತದೆ. ಸಂದರ್ಶಕರಾಗಿ ಬೇರೆ ದೇಶದಲ್ಲಿದ್ದುಕೊಂಡು ಅರ್ಜಿ ಹಾಕುವುದು ಸುಲಭವಲ್ಲ, ಅರ್ಜಿಯನ್ನು ವಾಸವಿರುವ ದೇಶದಲ್ಲೇ ಹಾಕಬೇಕೆಂಬುದು ಸಾಮಾನ್ಯ ಕ್ರಮ. ಮೂಡಣ ದಿಕ್ಕಿಗೆ ಹೊರಟು ಜಪಾನನ್ನು ಮೊದಲಿಗೆ ಇಟ್ಟುಕೊಳ್ಳೋಣವೆಂದರೆ ಲಂಡನ್ ಕೊನೆಗೆ ಬರುತ್ತದೆ, ಮೊಮ್ಮಗು ಅಷ್ಟು ದಿನ ಕಾಯುವುದಿಲ್ಲ. ಜಪಾನಿಗೆ ಬೆಂಗಳೂರಿನಿಂದ ನೇರ ವಿಮಾನವಿದೆ, ಇನ್ನೊಂದು ವರ್ಷ ಚೆರ್ರಿ ಹೂವಿನ ಕಾಲಕ್ಕೆ ಇಬ್ಬರೇ ಹೋಗಿಬನ್ನಿ.

ವೀಸಾಗಳು ಕೈಗೆ ಬರುವ ಮೊದಲು ಟಿಕೆಟಿಗೆ ದುಡ್ಡು ಕಟ್ಟಬೇಡಿ. ವೀಸಾ ಸಿಗಲಿಲ್ಲ ಎಂಬ ಕಾರಣಕ್ಕೆ ರದ್ದತಿ ಶುಲ್ಕ ಮನ್ನಾ ಆಗುವುದಿಲ್ಲ. ಬ್ರಿಟನ್ನಿಗೆ ಪ್ರಯಾಣಕ್ಕೆ ಮೂರು ತಿಂಗಳ ಮುಂಚೆ ಅರ್ಜಿ ಹಾಕಬಹುದು, ಅಂದರೆ ನೀವು ಜುಲೈನಲ್ಲೇ. ಆಸ್ಟ್ರೇಲಿಯದ್ದನ್ನು ಆನ್‌ಲೈನಿನಲ್ಲಿ ಹಾಕಬೇಕು, ಅಲ್ಲಿ ಇಳಿಯುವುದು ಫೆಬ್ರುವರಿಯ ನಂತರ ಎಂದು ಸ್ಪಷ್ಟವಾಗಿ ಬರೆಯಿರಿ. ಅಮೆರಿಕದ ವೀಸಾ ಇದ್ದೇ ಇದೆ ಎಂದು ಭಾವಿಸಿದ್ದೇನೆ. ಇಲ್ಲವಾದರೆ ಬೇರೆಲ್ಲಕ್ಕಿಂತ ಮೊದಲು ಸಂದರ್ಶನದ ದಿನಾಂಕ ಹಿಡಿಯಿರಿ, ಕಾಯುವಿಕೆ ಉದ್ದ.

ಧಾರವಾಡದಿಂದ ಬೆಂಗಳೂರಿನ ಹಾದಿ ಈ ಟಿಕೆಟಿನಲ್ಲಿ ಸೇರುವುದಿಲ್ಲ. ಒನ್‌ವರ್ಲ್ಡ್ ಕೂಟದಲ್ಲಿ ಭಾರತದ ಕಂಪನಿಯೇ ಇಲ್ಲ. 2012ರಲ್ಲಿ ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಅದಕ್ಕೆ ಸೇರುವ ಹಂತಕ್ಕೆ ಬಂದಿತ್ತು, ಸೇರುವಷ್ಟರಲ್ಲಿ ಅದೇ ಮುಳುಗಿತು. ಏರ್ ಇಂಡಿಯಾ 2014ರಲ್ಲಿ ಬೇರೆ ಕೂಟವಾದ ಸ್ಟಾರ್ ಅಲಯನ್ಸ್ ಸೇರಿಕೊಂಡಿತು. ಹಾಗಾಗಿ ಹುಬ್ಬಳ್ಳಿಯ ವಿಮಾನ ತಡವಾಗಿ ಲಂಡನ್ ವಿಮಾನ ತಪ್ಪಿದರೆ ಅದು ನಿಮ್ಮ ಲೆಕ್ಕಕ್ಕೆ, ನೋ-ಶೋ ಸಮೇತ. ಒಂದು ದಿನ ಮುಂಚೆ ರೈಲಿನಲ್ಲಿ ಬಂದು ನೆಂಟರ ಮನೆಯಲ್ಲಿ ಇರಿ.

ಕೊನೆಗೆ ಅಂಟಿನುಂಡಿ. ಸಾಮಾನಿನ ಲೆಕ್ಕ ಈ ಟಿಕೆಟಿನಲ್ಲಿ ಒಂದೊಂದು ತಂಗುದಾಣಕ್ಕೂ ಹೊಸದಾಗಿ ಶುರುವಾಗುತ್ತದೆ, ಬೆಂಗಳೂರಿನಲ್ಲಿ ಎರಡು ಸೂಟ್‌ಕೇಸ್ ಬಿಟ್ಟರೆಂದು ಡಲ್ಲಾಸಿನಲ್ಲೂ ಬಿಡುತ್ತಾರೆ ಎಂದೇನಿಲ್ಲ. ಟಿಕೆಟಿನಲ್ಲಿ ಪ್ರತಿ ವಿಮಾನದ ಎದುರು 1ಪಿಸಿ, 2ಪಿಸಿ ಎಂದಿರುವುದನ್ನು ನೋಡಿ, ಎಲ್ಲಕ್ಕಿಂತ ಕಡಿಮೆ ಇರುವುದಕ್ಕೆ ಹೊಂದುವಂತೆ ಕಟ್ಟಿ. ಬಾಣಂತಿಗೆ ಒಯ್ಯುವುದು ಲಂಡನ್ನಿನಲ್ಲೇ ಖಾಲಿಯಾಗುವುದರಿಂದ ಅದಕ್ಕೊಂದು ಹಳೇ ಚೀಲ ಸಾಕು. ಉಂಡಿ ಒಯ್ಯಿರಿ, ತುಪ್ಪದ ಡಬ್ಬಿ ಮಾತ್ರ ಬೇಡ. ಭಾರತದಿಂದ ಹಾಲಿನ ಪದಾರ್ಥಗಳನ್ನು ಬ್ರಿಟನ್ನಿಗೆ ತರುವಂತಿಲ್ಲ, ಲಂಡನ್ನಿನ ನಮ್ಮವರ ಅಂಗಡಿಗಳಲ್ಲಿ ತುಪ್ಪ ಸಿಗುತ್ತದೆ. ತಂಗಿಗೆಂದು ಚಟ್ನಿಪುಡಿ, ಕಡಕ್ ರೊಟ್ಟಿ ಉಳಿಸಿಕೊಂಡು ಹೋದರೆ ಸಿಡ್ನಿಯಲ್ಲಿ ಇಳಿಯುವಾಗ ತುಂಬುವ ಚೀಟಿಯಲ್ಲಿ ತಿನಿಸು ಇದೆ ಎಂಬ ಕಡೆ ಗುರುತು ಹಾಕಲು ಮರೆಯಬೇಡಿ. ಹೇಳಿದರೆ ತೆರೆದು ನೋಡಿ ಬಿಟ್ಟುಕೊಡುವುದೇ ಹೆಚ್ಚು. ಹೇಳದೆ ಸಿಕ್ಕಿಬಿದ್ದರೆ ಅವರು ಹಾಕುವ ದಂಡದ ಮುಂದೆ ಮೇಲೆ ಹೇಳಿದ 125 ಡಾಲರ್ ಏನೂ ಅಲ್ಲ.